ಲಿಯರ್‌ನ ಕೊನೆಯ ಅಂಕವನ್ನು ತಿದ್ದಿದವರು

1681ರಲ್ಲಿ ನೇಹಮ್ ಟೇಟ್ ಎಂಬ ಕವಿ ಷೇಕ್ಸ್‌ಪಿಯರನ ‘ಕಿಂಗ್ ಲಿಯರ್’ ನಾಟಕದ ಮುಕ್ತಾಯವನ್ನೇ ಬದಲಿಸಿದ. ಅವನ ನಾಟಕದಲ್ಲಿ ಲಿಯರ್‌ನ ಮಗಳು ಕಾರ್ಡೀಲಿಯ ಸಾಯುವುದಿಲ್ಲ, ಎಡ್ಗರನ ಕೈಹಿಡಿಯುತ್ತಾಳೆ. ಮುದುಕ ದೊರೆಗೆ ರಾಜ್ಯ ಮರಳಿ ಸಿಗುತ್ತದೆ. ವಿದೂಷಕನಂತೂ ಇಲ್ಲವೇ ಇಲ್ಲ. ಲಂಡನ್ನಿನ ರಂಗಭೂಮಿ ಸುಮಾರು ನೂರೈವತ್ತು ವರ್ಷ ಈ ಸುಖಾಂತವನ್ನೇ ಆಡಿತು. ಮಹಾಕೃತಿಯನ್ನು ಕೆಡಿಸಿದವನೆಂಬ ಅಪಖ್ಯಾತಿ ಟೇಟನಿಗೆ ಅಂಟಿಕೊಂಡಿದೆ. ಆದರೆ ಐದನೆಯ ಅಂಕವನ್ನು ಅದಕ್ಕಿಂತ ಹಿಂದಿನ ಕಥೆಗಳ ಪಕ್ಕದಲ್ಲಿಟ್ಟು ಓದಿದರೆ, ಮೊದಲು ಕಥೆ ತಿದ್ದಿದವನು ಷೇಕ್ಸ್‌ಪಿಯರನೇ ಎಂಬುದು ಸ್ಪಷ್ಟವಾಗುತ್ತದೆ.

12ನೆಯ ಶತಮಾನದಲ್ಲಿ ಮಾನ್‌ಮತ್‌ನ ಜೆಫ್ರಿ ಬರೆದ ಬ್ರಿಟನ್ ರಾಜರ ಚರಿತ್ರೆಯಲ್ಲಿ, ಹಾಲಿನ್‌ಷೆಡ್ಡನ ವೃತ್ತಾಂತದಲ್ಲಿ, 1605ರಲ್ಲಿ ಅಚ್ಚಾದ, ಕರ್ತೃವಿನ ಹೆಸರಿಲ್ಲದ ಹಳೆಯ ನಾಟಕದಲ್ಲಿ, ಎಲ್ಲೆಲ್ಲೂ ತಂದೆ ಮಗಳು ಯುದ್ಧ ಗೆಲ್ಲುತ್ತಾರೆ. 1606ರ ಡಿಸೆಂಬರ್ 26ರಂದು ವೈಟ್‌ಹಾಲ್ ಅರಮನೆಯಲ್ಲಿ ಒಂದನೆಯ ಜೇಮ್ಸ್ ದೊರೆಯ ಮುಂದೆ ಷೇಕ್ಸ್‌ಪಿಯರನ ನಾಟಕ ನಡೆದಾಗ, ಕಥೆ ಬಲ್ಲವರು ಫ್ರಾನ್ಸಿನ ಸೈನ್ಯ ಬಂತೆಂದರೆ ಗೆಲುವನ್ನೇ ಎದುರುನೋಡುತ್ತಿದ್ದರು. ಚರಿತ್ರೆಗಳಲ್ಲೂ ಕಾರ್ಡೀಲಿಯ ಸೆರೆಮನೆಯಲ್ಲೇ ಸಾಯುತ್ತಾಳಲ್ಲ, ಹಾಗಿದ್ದಮೇಲೆ ಷೇಕ್ಸ್‌ಪಿಯರ್ ಬದಲಿಸಿದ್ದೇನು ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ, ಆದರೆ ಅಲ್ಲಿ ಲಿಯರ್ ದೊರೆಯಾಗಿಯೇ ತೀರಿಕೊಂಡಿದ್ದಾನೆ. ಮಗಳು ವರ್ಷಗಟ್ಟಲೆ ಆಳಿ, ಅಕ್ಕಂದಿರ ಮಕ್ಕಳು ದಂಗೆಯೆದ್ದು ಸೆರೆಹಿಡಿದ ಮೇಲೆ ತನ್ನ ಕೈಯಾರೆ ಪ್ರಾಣ ಕಳೆದುಕೊಳ್ಳುತ್ತಾಳೆ. ಷೇಕ್ಸ್‌ಪಿಯರನಿಗೆ ಇದು ಗೊತ್ತಿತ್ತು ಎನ್ನಲು ನಾಟಕದೊಳಗೇ ಪುರಾವೆಯಿದೆ. ಕಾರ್ಡೀಲಿಯಳನ್ನು ನೇಣುಹಾಕಿ, ಹತಾಶೆಯಿಂದ ತಾನೇ ಸತ್ತಳೆಂದು ಹಬ್ಬಿಸಲು ಆಜ್ಞೆ ಹೋಗಿದೆಯೆಂದು ಸಾಯುವ ಮುನ್ನ ಎಡ್ಮಂಡ್ ಬಾಯಿಬಿಡುತ್ತಾನೆ. ಚರಿತ್ರೆ ನೂರಾರು ವರ್ಷ ನಂಬಿಕೊಂಡು ಬಂದ ಆತ್ಮಹತ್ಯೆ ಇಲ್ಲಿ ಕೊಲೆಗಾರನು ಕಟ್ಟಿದ ಸುಳ್ಳಾಗಿಬಿಡುತ್ತದೆ. ಇಷ್ಟು ಧೈರ್ಯದ ತಿದ್ದುಪಡಿ ಅವನ ಬೇರೆ ದುರಂತಗಳಲ್ಲಿ ನನಗೆ ಕಾಣುವುದಿಲ್ಲ.

ಆ ಅಂಕ ಸಾಗುವ ರೀತಿಯೂ ಇದಕ್ಕೆ ತಕ್ಕಂತಿದೆ. ಎಡ್ಗರ್, ಎಡ್ಮಂಡ್ ಅಣ್ಣತಮ್ಮಂದಿರ ದ್ವಂದ್ವಯುದ್ಧ, ಗ್ಲಾಸ್ಟರನ ಸಾವಿನ ಸುದ್ದಿ, ಇಬ್ಬರು ಅಕ್ಕಂದಿರ ಹೆಣಗಳು ಒಂದರ ಹಿಂದೊಂದು ಬರುತ್ತಿರುವಾಗ ಆಲ್ಬನಿ ದೊರೆಯನ್ನೇ ಮರೆತಿರುತ್ತಾನೆ, ಪ್ರೇಕ್ಷಕರೂ ಮರೆತಿರುತ್ತಾರೆ. ನೆನಪಾಗಿ ಆಳು ಓಡುವ ಹೊತ್ತಿಗೆ ಕಾಲ ಮಿಂಚಿದೆ. ದೇವರು ಅವಳನ್ನು ಕಾಯಲಿ ಎಂದು ಆಲ್ಬನಿ ಹೇಳಿ ಮುಗಿಸುವಷ್ಟರಲ್ಲೇ ಮಗಳ ಹೆಣ ಹೊತ್ತು ಲಿಯರ್ ಬರುತ್ತಾನೆ. 1623ರ ಫೋಲಿಯೊದಲ್ಲಿ, 1608ರ ಕ್ವಾರ್ಟೊದಲ್ಲಿಲ್ಲದ ಮಾತುಗಳಿವೆ: ಮಗಳ ತುಟಿಗಳತ್ತ ನೋಡಿರೆಂದು ತೋರಿಸುತ್ತ ಲಿಯರ್ ಪ್ರಾಣಬಿಡುತ್ತಾನೆ. ಅವಳು ಉಸಿರಾಡಿದಳೆಂದು ಅವನು ನಂಬಿದನೆಂದೇ ನಾನು ಓದುತ್ತೇನೆ. ಹಳೆಯ ಕಥೆಯ ಮುಕ್ತಾಯ ಅವನೊಬ್ಬನಿಗೆ, ಅರೆಗಳಿಗೆ, ದೊರೆಯುತ್ತದೆ.

ಟೇಟನ ಗೆಲುವಿಗೆ ರಾಜಕೀಯವೇ ಕಾರಣ, ಎರಡನೆಯ ಚಾರ್ಲ್ಸ್ ಪಟ್ಟಕ್ಕೆ ಮರಳಿದ ಮೇಲಿನ ಕಾಲಕ್ಕೆ ಸಿಂಹಾಸನಕ್ಕೆ ಮರಳುವ ದೊರೆ ಬೇಕಾಗಿದ್ದ ಎಂಬ ವಾದ ಅರ್ಧ ಸರಿ. ಆ ಕಾಲದ ರಾಜಕೀಯ ತಣ್ಣಗಾದ ಮೇಲೂ ಗ್ಯಾರಿಕ್‌ನಂಥ ನಟ ಸುಖಾಂತವನ್ನು ಬಿಡಲಿಲ್ಲವಲ್ಲ! 1711ರಲ್ಲೇ ಆಡಿಸನ್ ವಿರೋಧಿಸಿದ್ದರೂ, 1765ರಲ್ಲಿ ಜಾನ್ಸನ್ ಪ್ರೇಕ್ಷಕರ ತೀರ್ಪಿನ ಪರವಾಗಿಯೇ ಬರೆದ. ಕಾರ್ಡೀಲಿಯಳ ಸಾವು ತನ್ನನ್ನು ಎಷ್ಟು ಕಲಕಿತೆಂದರೆ, ಸಂಪಾದಕನಾಗಿ ತಿದ್ದಬೇಕಾಗುವ ತನಕ ಆ ದೃಶ್ಯಗಳನ್ನು ಮತ್ತೆ ಓದಲು ಮನಸ್ಸಾಗಲಿಲ್ಲವೆಂದ. ಅಂಕದ ಕ್ರೌರ್ಯವನ್ನು ಅದನ್ನು ಹೊಗಳಿದವರಿಗಿಂತ ಚೆನ್ನಾಗಿ ಅರಿತಿದ್ದವನು ಜಾನ್ಸನ್. 1823ರಲ್ಲಿ ಎಡ್ಮಂಡ್ ಕೀನ್ ದುರಂತದ ಮುಕ್ತಾಯವನ್ನು ರಂಗಕ್ಕೆ ತಂದು, ಕೆಲವೇ ಪ್ರದರ್ಶನಗಳ ನಂತರ ಟೇಟನತ್ತಲೇ ಹಿಂದಿರುಗಿದ. 1838ರಲ್ಲಿ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಮ್ಯಾಕ್ರೀಡಿ ವಿದೂಷಕನನ್ನೂ ದುರಂತವನ್ನೂ ಒಟ್ಟಿಗೆ ಮರಳಿ ತಂದ ಮೇಲೆ ಟೇಟನ ನಾಟಕ ಹಿಂದೆ ಸರಿಯಿತು.