ನ್ಯೂಯಾರ್ಕಿನ ಮೂರು ಮತಗಣನೆಗಳು

ರಾಜ್ಯಾಂಗವನ್ನು ತಿದ್ದುವ ಅಧಿಕಾರವು ಯಾರದು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಹುತೇಕ ಎಲ್ಲವೂ ಇದಕ್ಕೆ ಕೊಟ್ಟಿರುವ ಉತ್ತರವೊಂದೇ: ತಿದ್ದುಪಡಿಯನ್ನು ಶಾಸನಸಭೆಯು ಸೂಚಿಸಬಹುದು, ಅದನ್ನು ಅಂಗೀಕರಿಸುವವರು ಮತದಾರರು. ಏರ್ಪಾಟು ಉದಾತ್ತವಾದುದೇ ಸರಿ. ಆದರೆ ಮತವಿಲ್ಲದವರಿಗೆ ಮತವನ್ನು ಕೊಡಬೇಕೇ ಎಂಬುದೇ ಪ್ರಶ್ನೆಯಾದಾಗ, ತೀರ್ಪು ಹೇಳುವವರು ಮತವುಳ್ಳವರೇ ಆಗುತ್ತಾರೆ. ಇದರ ಪರಿಣಾಮವನ್ನು ನ್ಯೂಯಾರ್ಕ್ ಸಂಸ್ಥಾನದ ಚರಿತ್ರೆಯಲ್ಲಿ ಕಾಣಬಹುದು.

1821ರಲ್ಲಿ ರಚಿತವಾದ ಅಲ್ಲಿನ ರಾಜ್ಯಾಂಗವು ಬಿಳಿಯ ಪುರುಷರಿಗಿದ್ದ ಆಸ್ತಿಯ ನಿರ್ಬಂಧವನ್ನು ಸಡಿಲಿಸಿತು. ಕಪ್ಪು ಜನರಿಗಾದರೋ 250 ಡಾಲರುಗಳಷ್ಟು ಬೆಲೆಯ ಭೂಸ್ವತ್ತು ಇದ್ದರೆ ಮಾತ್ರ ಮತವೆಂದು ವಿಧಿಸಿತು. 1827ರ ಜುಲೈ 4ರಂದು ಆ ಸಂಸ್ಥಾನದಲ್ಲಿ ಗುಲಾಮಗಿರಿಯು ಕೊನೆಗಂಡಿತು. ಸಂಕೋಲೆ ಕಳಚಿತು, ನಿರ್ಬಂಧವು ಉಳಿಯಿತು.

ಇದನ್ನು ತೆಗೆದುಹಾಕಬೇಕೆಂಬ ಸೂಚನೆಯು 1846ರಲ್ಲಿ ಮೊದಲ ಬಾರಿ ಜನರ ಮುಂದೆ ಬಂದಿತು. ಪರವಾಗಿ ಬಿದ್ದ ಮತಗಳು ಸುಮಾರು 85 ಸಾವಿರ. ವಿರುದ್ಧವಾಗಿ 2 ಲಕ್ಷ 23 ಸಾವಿರ. ಅದೇ ವರ್ಷ ಗೆರಿಟ್ ಸ್ಮಿತ್ ಎಂಬ ಧನಿಕನು ಅಡಿರಾಂಡ್ಯಾಕ್ ಪರ್ವತಪ್ರಾಂತದಲ್ಲಿದ್ದ ತನ್ನ ಭೂಮಿಯನ್ನು ತಲಾ 40 ಎಕರೆಗಳಂತೆ 3,000 ಕಪ್ಪು ಜನರಿಗೆ ಹಂಚಲು ಸಂಕಲ್ಪಿಸಿದನು. ನೆಲವಿದ್ದವನಿಗೆ ಮತವೂ ದೊರೆಯಲೆಂಬುದು ಅವನ ಆಶಯ. ಆದರೆ ಕಡುಚಳಿಯ ಆ ಕಾಡುನೆಲದಲ್ಲಿ ಬೇರೂರಿದವರು ಕೆಲವರೇ.

1860ರಲ್ಲಿ ಲಿಂಕನ್ನನನ್ನು ಗೆಲ್ಲಿಸಿದ ಅದೇ ಮತದಾರರು ಅದೇ ದಿನ ಈ ಸೂಚನೆಯನ್ನು ಮತ್ತೆ ನಿರಾಕರಿಸಿದರು: ಪರ 1 ಲಕ್ಷ 97 ಸಾವಿರ, ವಿರುದ್ಧ 3 ಲಕ್ಷ 37 ಸಾವಿರ. ಅಂತರ್ಯುದ್ಧವು ಮುಗಿದು ನಾಲ್ಕು ವರ್ಷಗಳಾದ ಮೇಲೆ, 1869ರಲ್ಲಿ, ಮೂರನೆಯ ಸಲವೂ ಸೋಲೇ ಆಯಿತು.

ಆದರೂ ಈ ಅಂಕೆಗಳಲ್ಲಿ ಇನ್ನೊಂದು ಸಂಗತಿಯುಂಟು. ಅಸ್ತು ಎಂದವರು ಮೊದಲು ನೂರಕ್ಕೆ 28, ಬಳಿಕ 37, ಕೊನೆಗೆ 47. ಲೋಕದ ಮನಸ್ಸು ನಿಂತ ನೀರಾಗಿರಲಿಲ್ಲ, ನಿಧಾನವಾಗಿ ಹರಿಯುತ್ತಿತ್ತು. ಆದರೆ ಆ ಹರಿವಿಗಾಗಿ ಕಾದವರಲ್ಲಿ ಒಂದು ತಲೆಮಾರು ಮಣ್ಣುಗೂಡಿತ್ತು.

1870ರಲ್ಲಿ ದೇಶದ ರಾಜ್ಯಾಂಗಕ್ಕೆ ಸೇರಿದ 15ನೆಯ ತಿದ್ದುಪಡಿಯು, ವರ್ಣದ ಕಾರಣದಿಂದ ಮತವನ್ನು ನಿರಾಕರಿಸಕೂಡದೆಂದು ಸಾರಿ ಈ ನಿರ್ಬಂಧವನ್ನು ನಿರರ್ಥಕಗೊಳಿಸಿತು. ಸತ್ತ ಆ ವಾಕ್ಯವನ್ನು ನ್ಯೂಯಾರ್ಕಿನ ಮತದಾರರು ತಮ್ಮ ರಾಜ್ಯಾಂಗದಿಂದ ಅಳಿಸಿದ್ದು 1874ರಲ್ಲಿ. ಬಹುಮತವು ಕಾನೂನನ್ನು ನಿರ್ಮಿಸಬಲ್ಲುದು. ಆದರೆ ಒಬ್ಬನ ಹಕ್ಕು ನೆರೆಯವನ ಔದಾರ್ಯವನ್ನೇ ನೆಚ್ಚಿಕೊಂಡಿರುವವರೆಗೆ ಅದು ಹಕ್ಕಲ್ಲ, ಭಿಕ್ಷೆ.