ಕಣ್ಚುಕ್ಕೆಗಳ ನಂಟು: ಬೈಸಿಕ್ಲಸ್ ಚಿಟ್ಟೆಯಲ್ಲಿ ಲಕ್ಷಣಗಳ ಆನುವಂಶಿಕ ಸಹಸಂಬಂಧ

ಕೀಟದ ಒಂದು ಅಂಗ ದೊಡ್ಡದಾಗಲೆಂದು ತಲೆಮಾರುಗಳ ಕಾಲ ಆಯ್ಕೆ ನಡೆಸಿದರೆ, ಬಯಸದ ಇನ್ನೊಂದು ಅಂಗವೂ ಜೊತೆಗೆ ಹಿಗ್ಗುವುದುಂಟು. ಒಂದೇ ಜೀನು ಹಲವು ಲಕ್ಷಣಗಳನ್ನು ರೂಪಿಸುವುದು ಇದಕ್ಕೆ ಮುಖ್ಯ ಕಾರಣ. ವರ್ಣತಂತುವಿನಲ್ಲಿ ನೆರೆಹೊರೆಯಾದ ಜೀನುಗಳು ಒಟ್ಟಿಗೇ ಸಂತತಿಗೆ ಸಾಗುವುದು ಇನ್ನೊಂದು. 1979ರಲ್ಲಿ ರಸೆಲ್ ಲ್ಯಾಂಡೆ ಈ ನಂಟನ್ನು ಬಹುಲಕ್ಷಣಗಳ ಗಣಿತದಲ್ಲಿ ನಿರೂಪಿಸಿದರು. ಆದರೆ ಸಹಸಂಬಂಧದ ಅಂಕಿಯೊಂದನ್ನೇ ನೋಡಿ ವಿಕಾಸದ ದಾರಿಯನ್ನು ಊಹಿಸುವುದು ಸಾಲದು. ಅಂಗ ಹೇಗೆ ಕಟ್ಟಲ್ಪಡುತ್ತದೆ ಎಂಬುದನ್ನೂ ನೋಡಬೇಕು.

ಆಫ್ರಿಕಾದ ಬೈಸಿಕ್ಲಸ್ ಅನಿನಾನ ಚಿಟ್ಟೆ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ರೆಕ್ಕೆಯ ಕಣ್ಚುಕ್ಕೆಯಲ್ಲಿ ನಡುವೆ ಬಿಳಿ ಬೊಟ್ಟು, ಸುತ್ತ ಕಪ್ಪು ಬಿಲ್ಲೆ, ಹೊರಗೆ ಹೊನ್ನಿನ ಬಣ್ಣದ ಉಂಗುರ. ಒಂದೇ ರೆಕ್ಕೆಯ ಚುಕ್ಕೆಗಳ ಗಾತ್ರ ಪರಸ್ಪರ ಹೊಂದಿಕೊಂಡೇ ಇರುತ್ತದೆ. ಪಟ್ರೀಷಿಯಾ ಬೆಲ್ಡಾಡೆ, ಪಾಲ್ ಬ್ರೇಕ್‌ಫೀಲ್ಡ್ ಮತ್ತು ಸಂಗಡಿಗರು ಮುಂರೆಕ್ಕೆಯ ಎರಡು ಚುಕ್ಕೆಗಳ ಮೇಲೆ 25 ತಲೆಮಾರು ಆಯ್ಕೆ ನಡೆಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡೂ ಹಿಗ್ಗುವ, ಎರಡೂ ಕುಗ್ಗುವ ದಿಕ್ಕುಗಳಲ್ಲಿ ಮಾತ್ರವಲ್ಲ, ಒಂದು ಹಿಗ್ಗಿ ಇನ್ನೊಂದು ಕುಗ್ಗುವ ದಿಕ್ಕಿನಲ್ಲೂ ಚಿಟ್ಟೆಗಳು ಗಣನೀಯವಾಗಿ ಬದಲಾದವು. ಗಾತ್ರದ ನಂಟು ಬಿಡಿಸಬಹುದಾದ ಗಂಟಾಗಿತ್ತು.

ಬಣ್ಣದ ಮಾತು ಬೇರೆ. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆರಿಸ್ ಅಲೆನ್ ಮತ್ತು ಸಂಗಡಿಗರು ಒಂದು ಚುಕ್ಕೆಯಲ್ಲಿ ಕಪ್ಪು, ಇನ್ನೊಂದರಲ್ಲಿ ಹೊನ್ನು ಹೆಚ್ಚಲೆಂದು ಆಯ್ಕೆ ನಡೆಸಿದರೂ ಚುಕ್ಕೆಗಳು ಬೇರೆಬೇರೆ ದಾರಿ ಹಿಡಿಯಲಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಪ್ಯೂಪಾ ಹಂತದ ರೆಕ್ಕೆಯಲ್ಲಿದೆ. ಪ್ರತಿ ಚುಕ್ಕೆಯ ನಡುವಿನ ಜೀವಕೋಶಗಳು ಸಂಕೇತ ಹೊರಡಿಸುತ್ತವೆ. ಸುತ್ತಲಿನ ಕೋಶಗಳು ತಮಗೆ ತಲುಪಿದ ಸಂಕೇತದ ಮಟ್ಟಕ್ಕೆ ತಕ್ಕ ಬಣ್ಣ ತಳೆಯುತ್ತವೆ. ಗಾತ್ರವನ್ನು ಬಹುಪಾಲು ಆಯಾ ಚುಕ್ಕೆಯ ಸಂಕೇತವೇ ನಿರ್ಧರಿಸುತ್ತದೆ. ಬಣ್ಣವನ್ನು ನಿರ್ಧರಿಸುವುದು ಅದಕ್ಕೆ ಓಗೊಡುವ ಅಂಗಾಂಶ; ಆ ಓಗೊಡುವ ಬಗೆ ರೆಕ್ಕೆಯ ಒಂದು ಬದಿಗೆಲ್ಲ ಒಂದೇ. ಸಹಸಂಬಂಧದ ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಸಂಶೋಧನೆಗಳ ನಿಜವಾದ ಬೆಲೆ ಇರುವುದು ಇಲ್ಲಿಯೇ.

ಪ್ರಯೋಗಾಲಯದ ಕೆಲವು ತಲೆಮಾರುಗಳಲ್ಲಿ ಕಂಡದ್ದು ಲಕ್ಷಾಂತರ ವರ್ಷಗಳಿಗೂ ಸಲ್ಲುವುದೇ? ಬೈಸಿಕ್ಲಸ್ ಸೇರಿರುವ ಮೈಕಲೆಸಿನಾ ಗುಂಪನ್ನೇ ಬ್ರೇಕ್‌ಫೀಲ್ಡ್ ತಂಡ ಪರಿಶೀಲಿಸಿ 2020ರಲ್ಲಿ ವರದಿ ಮಾಡಿತು. (ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹಾರಾಡುವ ಮೈಕಲೆಸಿಸ್ ಚಿಟ್ಟೆಗಳೂ ಇದೇ ಗುಂಪಿನವು.) ಚುಕ್ಕೆಗಳ ಬಣ್ಣದ ನಂಟು ಈ ಗುಂಪಿನ ಉದ್ದಕ್ಕೂ ಉಳಿದಿತ್ತು, ಹೆಟೆರಾಪ್ಸಿಸ್ ಎಂಬ ಒಂದು ಕುಲವನ್ನು ಬಿಟ್ಟರೆ. ಅಲ್ಲಿ ಸಂಕೇತ ಹಳೆಯದೇ. ರೆಕ್ಕೆಯ ಬೇರೆಬೇರೆ ಭಾಗಗಳು ಅದಕ್ಕೆ ಬೇರೆಬೇರೆಯಾಗಿ ಓಗೊಡುತ್ತವೆ.