ಗಯಟೆಯ ಮುಪ್ಪೂ ಚಿತ್ರಕಥೆಯ ಬಾಲ್ಯವೂ

ಕಾಮಿಕ್ಸ್ ಎಂಬ ಹೆಸರಿನಿಂದ ಇಂದು ಲೋಕವೆಲ್ಲ ಅರಿತಿರುವ ಚಿತ್ರಕಥೆಯ ಪುಸ್ತಕಗಳು ಹುಡುಗರಿಗಾಗಿಯೇ ಹುಟ್ಟಿದವೆಂದೂ, ತಲೆ ನರೆತವರು ಅವನ್ನು ಕೈಯಲ್ಲಿ ಹಿಡಿದರೆ ಅದು ಅರಳುಮರಳಿನ ಗುರುತೆಂದೂ ಜನರು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಆ ಬಗೆಯ ಪುಸ್ತಕಗಳಿಗೆ ಮೂಲಪುರುಷನೆಂದು ಅನೇಕರು ಎಣಿಸುವ ರೊಡಾಲ್ಫ್ ಟೋಪ್ಫರನ ಚರಿತ್ರೆಯನ್ನು ನೋಡಿದರೆ ಸಂಗತಿಯು ಬೇರೆಯಾಗಿ ಕಾಣುವುದು. ಅವನ ಪುಸ್ತಕಗಳು ಇನ್ನೂ ಅಚ್ಚಿನ ಮೊಗವನ್ನೇ ಕಾಣದಿದ್ದಾಗ ಹಸ್ತಪ್ರತಿಯಲ್ಲಿಯೇ ಅವುಗಳನ್ನು ನೋಡಿ, ನಕ್ಕು, ಬೆಲೆಕಟ್ಟಿದವನು 81 ವರ್ಷದ ಮುದುಕನು. ಕಾಳಿದಾಸನ ಶಾಕುಂತಲವನ್ನು ಕೊಂಡಾಡಿ ನಮ್ಮವರಿಗೆ ಆಪ್ತನಾಗಿರುವ ಜರ್ಮನ್ ಮಹಾಕವಿ ಗಯಟೆಯೇ ಆತನು.

ಟೋಪ್ಫರನು 1799ರಲ್ಲಿ ಜಿನೀವಾ ನಗರದಲ್ಲಿ ಜನಿಸಿದನು. ತಂದೆಯು ಹೆಸರಾದ ಚಿತ್ರಕಾರ. ಮಗನಿಗೂ ಅದೇ ಹಂಬಲ. ಆದರೆ ಕಣ್ಣಿನ ಬೇನೆಯು ವರ್ಣಚಿತ್ರದ ಆಸೆಯನ್ನು ಮುರಿಯಿತು. ಅವನು ಉಪಾಧ್ಯಾಯನಾಗಿ 1824ರಲ್ಲಿ ತನ್ನದೇ ಒಂದು ವಸತಿಶಾಲೆಯನ್ನು ತೆರೆದನು. ಬಣ್ಣ ಹೋಯಿತು, ಗೆರೆ ಉಳಿಯಿತು. ಶಿಷ್ಯರ ವಿನೋದಕ್ಕೂ ತನ್ನ ವಿನೋದಕ್ಕೂ ಅವನು ಲೇಖನಿಯಿಂದ ಚಿತ್ರಗಳನ್ನು ಸಾಲುಸಾಲಾಗಿ ಗೀಚಿ, ಪ್ರತಿಯೊಂದರ ಕೆಳಗೂ ಒಂದೆರಡು ವಾಕ್ಯಗಳನ್ನು ಬರೆದು ಕಥೆ ಹೇಳತೊಡಗಿದನು. 1827ರಲ್ಲಿ ಪ್ರೇಮಪೀಡಿತನಾದ ವ್ಯೂಬ್ವಾ ಎಂಬಾತನ ಕಥೆ ಹುಟ್ಟಿತು. 1829ರಲ್ಲಿ ಡಾಕ್ಟರ್ ಫೆಸ್ಟಸನ ಕಥೆ.

ಈ ಫೆಸ್ಟಸನು ಜ್ಞಾನಾರ್ಜನೆಗೆಂದು ದೇಶಸಂಚಾರ ಹೊರಟ ಪಂಡಿತ. ಒಂದು ಅವಾಂತರದಿಂದ ಇನ್ನೊಂದಕ್ಕೆ ಬೀಳುವ ಅವನು ಕಲಿತದ್ದು ಏನೂ ಇಲ್ಲ. ಕಥೆಯ ನಡುವೆ ಒಬ್ಬ ಮೇಯರನ ಸಮವಸ್ತ್ರವು ಯಾರು ಯಾರದೋ ಪಾಲಾಗುವುದು; ಅವನ ಸಿಪಾಯಿಗಳಾದರೋ ಆ ವಸ್ತ್ರದ ಹಿಂದೆಯೇ ಹೆಜ್ಜೆಯಿಡುವರು. ಸಲಾಮು ಉಡುಪಿಗೆ, ಒಡಲಿಗಲ್ಲ. ಹುಡುಗರು ಇದನ್ನು ನೋಡಿ ನಗುವರು, ನಿಜ. ಆದರೆ ಅರ್ಧ ಆಯುಸ್ಸನ್ನು ಕಚೇರಿಗಳಲ್ಲಿ ಕಳೆದವನಿಗೆ ಈ ಹಾಸ್ಯದ ರುಚಿ ಎಷ್ಟು ತಿಳಿದೀತೋ ಅಷ್ಟು ಅವರಿಗೆ ತಿಳಿಯಲಾರದು. ಗಯಟೆಯು ವೈಮಾರ್ ಸಂಸ್ಥಾನದ ಮಂತ್ರಿಪದವಿಯಲ್ಲಿದ್ದವನೆಂಬುದನ್ನು ಇಲ್ಲಿ ನೆನೆಯಬೇಕು.

ಆ ಪುಸ್ತಕಗಳು ಅವನ ಕೈಸೇರಿದ ಕಾಲವಾದರೋ ನಗುವಿನ ಕಾಲವಾಗಿರಲಿಲ್ಲ. ಪತ್ನಿಯು 1816ರಲ್ಲಿಯೇ ತೀರಿಹೋಗಿದ್ದಳು. ಆಶ್ರಯದಾತನೂ ಗೆಳೆಯನೂ ಆದ ಪ್ರಭು ಕಾರ್ಲ್ ಆಗಸ್ಟನು 1828ರಲ್ಲಿ ಕಾಲವಾದನು. 1830ರ ಅಕ್ಟೋಬರಿನಲ್ಲಿ, ಮಕ್ಕಳಲ್ಲಿ ಬದುಕಿ ಉಳಿದಿದ್ದ ಒಬ್ಬನೇ ಮಗನು ದೂರದ ರೋಮಿನಲ್ಲಿ ಮೃತನಾದನು. ವಾರ್ತೆಯು ತಂದೆಯನ್ನು ಮುಟ್ಟಿದುದು ನವೆಂಬರಿನಲ್ಲಿ. ಅದೇ ತಿಂಗಳ ಕೊನೆಗೆ ಮುದುಕನು ರಕ್ತ ಕಾರಿಕೊಂಡು, ಇನ್ನು ಉಳಿಯುವುದಿಲ್ಲವೆಂಬ ಸ್ಥಿತಿಗೆ ಬಂದು, ಹೇಗೋ ಚೇತರಿಸಿಕೊಂಡನು. ಅಂಥ ಚಳಿಗಾಲದಲ್ಲಿ, ವೈಮಾರಿನ ರಾಜಕುಮಾರನಿಗೆ ಶಿಕ್ಷಕನಾಗಿದ್ದ ಜಿನೀವಾದ ಸೋರೆ ಎಂಬ ವಿದ್ವಾಂಸನು ತನ್ನ ಸ್ನೇಹಿತ ಟೋಪ್ಫರನ ಚಿತ್ರಪುಸ್ತಕಗಳನ್ನು ಕವಿಯ ಮುಂದಿರಿಸಿದನು.

ಗಯಟೆಗೆ ವ್ಯಂಗ್ಯಚಿತ್ರಗಳಲ್ಲಿ ಅಷ್ಟಾಗಿ ಒಲವಿರಲಿಲ್ಲ. ಇವನ್ನು ಮಾತ್ರ ಅವನು ಬಹಳ ಮೆಚ್ಚಿದನು. ಒಂದು ಸಲಕ್ಕೆ ಹತ್ತು ಪುಟಗಳಷ್ಟನ್ನೇ ನೋಡಿ ವಿಶ್ರಮಿಸಿಕೊಳ್ಳುವನು. ಹೆಚ್ಚು ನೋಡಿದರೆ ಭಾವನೆಗಳ ಅಜೀರ್ಣವಾದೀತೆಂದು ಅವನ ಅಂಜಿಕೆ. ಹಿರಿಯರು ಪಥ್ಯದ ಊಟವನ್ನು ಮೆಲ್ಲನೆ ಸವಿಯುವ ಕ್ರಮವಿದು. ಇದರೊಡನೆ ಅವನ ವಿಮರ್ಶೆಯೂ ನಿದ್ರಿಸಲಿಲ್ಲ. ಕೆಲವು ಪುಟಗಳನ್ನು ಮೀರಿಸುವುದು ಸಾಧ್ಯವಿಲ್ಲವೆಂದ ಅವನೇ, ಈ ತರುಣನು ಇಷ್ಟು ಹಗುರವಲ್ಲದ ವಸ್ತುವನ್ನು ಆರಿಸಿಕೊಂಡು ಸ್ವಲ್ಪ ಬಿಗಿಹಿಡಿದು ಬರೆದರೆ ಊಹೆಗೂ ನಿಲುಕದ ಕೃತಿಗಳನ್ನು ಮಾಡಿಯಾನೆಂಬ ಅಭಿಪ್ರಾಯವನ್ನೂ ಸೇರಿಸಿದನು. 1831ರ ಜನವರಿಯ ಈ ಮಾತುಕತೆಯು ಸೋರೆಯ ಟಿಪ್ಪಣಿಗಳ ಮೂಲಕ ಎಕರ್ಮನನ ಸಂಭಾಷಣೆಗಳ ಗ್ರಂಥದಲ್ಲಿ ಉಳಿದುಬಂದಿದೆ. ಇಂಥ ತೂಕದ ಮಾತನ್ನು ಅರಳುಮರಳೆನ್ನಲು ಯಾರಿಗೂ ಬಾಯಿ ಬಾರದು.

ಇನ್ನೂ ಒಂದು ವಿಶೇಷವುಂಟು. ಫೆಸ್ಟಸನೆಂಬ ಹೆಸರೇ ಫೌಸ್ಟನ ಅಣಕ. ಯೌವನದಲ್ಲಿ ಕೈಗೆತ್ತಿಕೊಂಡ ಫೌಸ್ಟ್ ನಾಟಕದ ಎರಡನೆಯ ಭಾಗವನ್ನು ಮುಗಿಸಲು ಗಯಟೆಯು ಹೆಣಗುತ್ತಿದ್ದುದು ಅದೇ ದಿನಗಳಲ್ಲಿ. ಅದು ಮುಗಿದುದು 1831ರ ಬೇಸಗೆಯಲ್ಲಿ. ಜೀವಮಾನದ ತಪಸ್ಸನ್ನು ಹಾಸ್ಯಮಾಡುವ ಪುಸ್ತಕವನ್ನು ತಪಸ್ಸಿನ ನಡುವೆಯೇ ನೋಡಿ ನಗಬಲ್ಲ ಕವಿಗಳು ಎಷ್ಟು ಮಂದಿ? ಐವತ್ತರ ಗಯಟೆಯು ಹೀಗೆ ನಗುತ್ತಿದ್ದನೆಂದು ಹೇಳುವುದು ಕಷ್ಟ.

ಟೋಪ್ಫರನಿಗೆ ಈ ಮೆಚ್ಚುಗೆಯು ದೊಡ್ಡ ಧೈರ್ಯವನ್ನು ಕೊಟ್ಟಿತು. ಅವನಿಗೆ ಧೈರ್ಯ ಬೇಕಾಗಿಯೂ ಇದ್ದಿತು. 1832ರಲ್ಲಿ ಜಿನೀವಾ ಅಕಾಡೆಮಿಯಲ್ಲಿ ಅಲಂಕಾರಶಾಸ್ತ್ರದ ಪ್ರಾಧ್ಯಾಪಕನಾದವನು ಗೊಂಬೆಪುಸ್ತಕ ಬರೆಯುವುದೆಂದರೇನು! ‘ಜಾಬೋ’ ಎಂಬ ಮೊದಲ ಪುಸ್ತಕವನ್ನು 1833ರಲ್ಲಿ ಅಚ್ಚು ಹಾಕಿಸಿಯೂ 1835ರವರೆಗೆ ಹೊರಗೆ ಬಿಡಲಿಲ್ಲ. ಮುದ್ರಣಕ್ಕೆ ಅವನು ಹಿಡಿದ ಹಾದಿಯು ಸೊಗಸಾದುದು. ಕಲ್ಲಚ್ಚಿನಲ್ಲಿ ನೇರವಾಗಿ ಕಲ್ಲಿನ ಮೇಲೆ ಬರೆಯುವವನು ಎಲ್ಲವನ್ನೂ ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಬರೆಯಬೇಕು. ಟೋಪ್ಫರನು ಜಿಡ್ಡಿನ ಶಾಯಿಯಿಂದ ಕಾಗದದ ಮೇಲೆ ನೇರಾಗಿಯೇ ಬರೆದು, ಅದನ್ನು ಕಲ್ಲಿಗೆ ಒತ್ತಿಸಿದನು. ಹೀಗಾಗಿ ಮುಖವನ್ನು ಬರೆದ ಕೈಯೇ ಕೆಳಗಿನ ಅಕ್ಷರವನ್ನೂ ಬರೆಯಿತು. ಎರಡರಲ್ಲಿಯೂ ಒಂದೇ ನಡುಕ, ಒಂದೇ ಚುರುಕು. ಚಿತ್ರವಿಲ್ಲದೆ ಮಾತಿಗೆ ಅರ್ಥವಿಲ್ಲ, ಮಾತಿಲ್ಲದೆ ಚಿತ್ರ ಅಸ್ಪಷ್ಟ ಎಂಬುದನ್ನು 1837ರಲ್ಲಿ ಅವನೇ ವಿವರಿಸಿದನು.

ಪುಸ್ತಕಗಳು ಬೇಗನೆ ಗಡಿ ದಾಟಿದವು. 1839ರಲ್ಲಿ ಪ್ಯಾರಿಸಿನ ಪ್ರಕಾಶಕರು ಅಪ್ಪಣೆಯಿಲ್ಲದೆಯೇ ನಕಲುಮಾಡಿ ಮಾರಿದರು. ವ್ಯೂಬ್ವಾನ ಕಥೆಯು ಇಂಗ್ಲಿಷ್ ವೇಷದಲ್ಲಿ 1842ರಲ್ಲಿ ನ್ಯೂಯಾರ್ಕನ್ನು ಮುಟ್ಟಿತು.

ಗಯಟೆಯು 1832ರ ಮಾರ್ಚ್ 22ರಂದು ತೀರಿಕೊಂಡನು. ಅವನ ಕಲಾಪತ್ರಿಕೆಯ ಕೊನೆಯ ಸಂಚಿಕೆಯನ್ನು ಆ ವರ್ಷ ಗೆಳೆಯರು ಹೊರತಂದಾಗ ಟೋಪ್ಫರನ ಚಿತ್ರಗಳ ವಿಷಯವೂ ಅದರಲ್ಲಿ ಸೇರಿದ್ದಿತು. ಕವಿಯನ್ನು ನಗಿಸಿದ ಫೆಸ್ಟಸನು ಅಚ್ಚಾದುದು 1840ರಲ್ಲಿ. ಆಮೇಲೆ ಆರು ವರ್ಷಗಳಿಗೆ, 47ನೆಯ ವಯಸ್ಸಿನಲ್ಲಿ, ಟೋಪ್ಫರನೂ ತೀರಿಹೋದನು. ಒಬ್ಬ ವೃದ್ಧನ ಮೆಚ್ಚುಗೆಯನ್ನು ಪಡೆದ ಆ ಉಪಾಧ್ಯಾಯನಿಗೆ ತನ್ನ ಮುಪ್ಪನ್ನು ಕಾಣುವ ಯೋಗವಿರಲಿಲ್ಲ.